ಸಿಂಥೆಟಿಕ್ ಇಂಜಿನ್ ಆಯಿಲ್: ಯಾವುದು ಹಾಕಬೇಕು, ಯಾವಾಗ ಬದಲಿಸಬೇಕು? ಹುಬ್ಬಳ್ಳಿ-ಧಾರವಾಡದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹನ್ನೊಂದು ವರ್ಷ ಆಯಿಲ್ ಮತ್ತು ಸ್ಪೇರ್ ಪಾರ್ಟ್ಸ್ ಕೌಂಟರ್‌ನಲ್ಲಿ ಕೂತಿದ್ದೆ. ಕೌಂಟರ್ ಬಿಟ್ಟು ಈಗ ಧಾರವಾಡದಲ್ಲಿದ್ದೇನೆ, ಆದರೆ ಪ್ರಶ್ನೆಗಳು ನಿಂತಿಲ್ಲ. ಮದುವೆ ಪಂಕ್ತಿಯಲ್ಲಿ ಕೂತಾಗ ಕೇಳುತ್ತಾರೆ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಫೋಟೋ ತೆಗೆದು ವಾಟ್ಸಾಪ್‌ಗೆ ಕಳಿಸುತ್ತಾರೆ, ಅಣ್ಣಿಗೇರಿ ಕಡೆಯ ರೈತರು ಟ್ರ್ಯಾಕ್ಟರ್ ಪಕ್ಕದಲ್ಲೇ ನಿಂತು ಫೋನ್ ಮಾಡುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಗೊತ್ತಿದ್ದವರು ಬೇಕಾದಲ್ಲಿಗೆ ಹೋಗಿ.

## ಶುರುವಿನ ಪ್ರಶ್ನೆಗಳು

ಸಿಂಥೆಟಿಕ್ ಅಂದ್ರ ಏನ್ರೀ? ಅದು ಖರೇನ ಎಣ್ಣಿನೋ, ಬರೇ ಕೆಮಿಕಲ್ಲೋ?

ಎಣ್ಣೆಯೇ. ಯಾವ ಇಂಜಿನ್ ಆಯಿಲ್ ತಗೊಂಡರೂ ಅದರಲ್ಲಿ ಎರಡು ಭಾಗ ಇರುತ್ತದೆ. ಒಂದು ಮೂಲ ಎಣ್ಣೆ, ಇದೇ ಬಹುಪಾಲು. ಇನ್ನೊಂದು ಅದಕ್ಕೆ ಬೆರೆಸುವ ಮದ್ದು: ಕೊಳೆ ತೊಳೆಯೋದು, ಸವೆತ ತಡೆಯೋದು, ನೊರೆ ಬರದಂತೆ ನೋಡೋದು, ಹೀಗೆ. ಮಿನರಲ್ ಆಯಿಲ್‌ನಲ್ಲಿ ಮೂಲ ಎಣ್ಣೆ ಅಂದರೆ ಕಚ್ಚಾ ತೈಲವನ್ನು ಸೋಸಿ ತೆಗೆದದ್ದು. ಅದರ ಕಣಗಳು ಸಣ್ಣವು, ದೊಡ್ಡವು ಎಲ್ಲಾ ಕಲೆತಿರುತ್ತವೆ, ಸ್ವಲ್ಪ ಮೇಣವೂ ಇರುತ್ತದೆ. ಸಿಂಥೆಟಿಕ್‌ನಲ್ಲಿ ಆ ಕಣಗಳನ್ನು ಕಾರ್ಖಾನೆಯಲ್ಲಿ ಕಟ್ಟಿ ಅಥವಾ ಒಡೆದು ಜೋಡಿಸಿ ಹೆಚ್ಚುಕಮ್ಮಿ ಒಂದೇ ಅಳತೆಗೆ ತಂದಿರುತ್ತಾರೆ. ಹಾಗಾಗಿ ಬಿಸಿಗೆ ಬೇಗ ಸುಟ್ಟು ಗಟ್ಟಿಯಾಗುವುದಿಲ್ಲ, ತಣ್ಣಗಿದ್ದಾಗಲೂ ಸಲೀಸಾಗಿ ಹರಿಯುತ್ತದೆ.

ನಮ್ಮ ಹಿರಿಯರು ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಕೆಲಸ ಅದೇ, ಎರಡು ಗಟ್ಟಿ ವಸ್ತುಗಳ ನಡುವೆ ಒಂದು ಪದರ ಇಡೋದು. ಕ್ಯಾಸ್ಟ್ರಾಲ್ ಅನ್ನೋ ಹೆಸರು ಕೂಡ ಹುಟ್ಟಿದ್ದು ಕ್ಯಾಸ್ಟರ್, ಅಂದರೆ ನಮ್ಮ ಔಡಲದಿಂದ. ಆಗಿನ ಇಂಜಿನ್ ಆಯಿಲ್‌ಗೆ ಔಡಲೆಣ್ಣೆ ಬೆರೆಸುತ್ತಿದ್ದರು.

ಅಣ್ಣಾರ, ನನ್ನ ಗಾಡಿಗೆ ಯಾವ ಆಯಿಲ್ ಬೆಸ್ಟ್? ಒಂದ ಮಾತಿನ್ಯಾಗ ಹೇಳ್ರಿ.

ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದ ಗ್ರೇಡ್ (ದಪ್ಪದ ಅಂಕಿ) ಮತ್ತು ದರ್ಜೆಯ (ಗುಣಮಟ್ಟದ ಗುರುತಿನ) ಆಯಿಲ್. ಅದು ಯಾವ ಹೆಸರುವಾಸಿ ಕಂಪನಿಯದ್ದಾದರೂ ಆಗುತ್ತದೆ. ಪುಸ್ತಕ ಕಳೆದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ, ಎಷ್ಟೋ ಕಾರುಗಳಲ್ಲಿ ಆಯಿಲ್ ಹಾಕುವ ಮುಚ್ಚಳದ ಮೇಲೇ ಗ್ರೇಡ್ ಬರೆದಿರುತ್ತದೆ. ಮೊದಲು ಅದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ.

ಡಬ್ಬಿ ಮ್ಯಾಲೆ 5ಡಬ್ಲ್ಯೂ-30 ಅಂತ ಬರದಿರತೈತಿ. ಹಂಗಂದ್ರೇನು?

ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ತಣ್ಣಗಿದ್ದಾಗ ಆಯಿಲ್ ಹೇಗೆ ಹರಿಯುತ್ತದೆ ಅನ್ನೋದನ್ನು ಹೇಳುತ್ತದೆ. ಅಂಕಿ ಚಿಕ್ಕದಾದಷ್ಟೂ ತಣ್ಣಗಿನ ಹರಿವು ಸಲೀಸು. ಮುಂದಿನ ಅಂಕಿ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅನ್ನೋದು. 20 ತೆಳು, 30 ಸ್ವಲ್ಪ ದಪ್ಪ, 40 ಇನ್ನೂ ದಪ್ಪ, 50 ಅದಕ್ಕೂ ಮೇಲೆ.

ಕೆಲವರು 5 ಅಂದರೆ 5 ಡಿಗ್ರಿ ಅಂದುಕೊಳ್ಳುತ್ತಾರೆ. ಹಾಗಲ್ಲ. 5ಡಬ್ಲ್ಯೂ ಆಯಿಲ್‌ನಲ್ಲಿ ಇಂಜಿನ್ ತಿರುಗುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡುವುದು ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯೂ ಆದರೆ ಮೈನಸ್ 15ರಲ್ಲಿ. ಧಾರವಾಡದ ಡಿಸೆಂಬರ್ ಚಳಿ ಇದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾದರೆ ನಮಗೆ ಚಿಕ್ಕ ಅಂಕಿ ಯಾಕೆ ಬೇಕು? ಬೆಳಿಗ್ಗೆ 20 ಡಿಗ್ರಿ ಇದ್ದಾಗಲೂ ದಪ್ಪ ಆಯಿಲ್ ಇಂಜಿನ್ ಮೇಲ್ಭಾಗದಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ವರೆಗೆ ಏರಲು ತಡ ಮಾಡುತ್ತದೆ. 40 ಡಿಗ್ರಿಯಲ್ಲಿ ಅಳೆದರೆ ಸಾಮಾನ್ಯ 20ಡಬ್ಲ್ಯೂ-50 ಆಯಿಲ್ 5ಡಬ್ಲ್ಯೂ-30ಗಿಂತ ಸುಮಾರು ಎರಡೂವರೆ ಪಟ್ಟು ದಪ್ಪ ಇರುತ್ತದೆ. ಇಂಜಿನ್ ಸವೆಯುವುದರಲ್ಲಿ ದೊಡ್ಡ ಪಾಲು ತಣ್ಣಗೆ ಸ್ಟಾರ್ಟ್ ಆಗುವ ಆ ಮೊದಲ ಹೊತ್ತಿನದ್ದು.

ನಮ್ಮ ಕಡೆ ಬಿಸಲ ಜಾಸ್ತಿ. ದಪ್ಪ ಆಯಿಲ್ ಹಾಕಿದ್ರ ಛಲೋ ಅಲ್ಲೇನ್ರಿ?

ಬೇಡ. ಏಪ್ರಿಲ್‌ನಲ್ಲಿ ಗದಗದಲ್ಲಿ 39 ಡಿಗ್ರಿ ಇದ್ದರೂ ಡಿಸೆಂಬರ್‌ನಲ್ಲಿ ಧಾರವಾಡದಲ್ಲಿ 14 ಇದ್ದರೂ ಚೆನ್ನಾಗಿರುವ ಕಾರಿನ ಇಂಜಿನ್ ಒಳಗೆ ಆಯಿಲ್ ಇರುವುದು ಸುಮಾರು 90ರಿಂದ 110 ಡಿಗ್ರಿಯಲ್ಲೇ. ಅದನ್ನು ಹತೋಟಿಯಲ್ಲಿಡಲು ಥರ್ಮೋಸ್ಟಾಟ್, ರೇಡಿಯೇಟರ್ ಇವೆ. ಈಗಿನ ಇಂಜಿನ್‌ಗಳ ಬೇರಿಂಗ್ ಸಂದು, ಆಯಿಲ್ ಪಂಪ್, ವಾಲ್ವ್ ಟೈಮಿಂಗ್ ಎಲ್ಲಾ ತೆಳು ಆಯಿಲ್ ಲೆಕ್ಕ ಹಿಡಿದೇ ಮಾಡಿದ್ದು. 0ಡಬ್ಲ್ಯೂ-20 ಬೇಡುವ ಕಾರಿಗೆ 20ಡಬ್ಲ್ಯೂ-50 ಸುರಿದರೆ ಬೆಳಿಗ್ಗೆ ಆಯಿಲ್ ಏರಲು ತಡ, ಮೈಲೇಜ್ ಕಮ್ಮಿ. ಪುಸ್ತಕದಲ್ಲೇ ಎರಡು ಗ್ರೇಡ್ ಕೊಟ್ಟು ಬಿಸಿ ಪ್ರದೇಶಕ್ಕೆ ಇದು ಅಂತ ಬರೆದಿದ್ದರೆ ಮಾತ್ರ ದಪ್ಪದ್ದನ್ನು ಆರಿಸಿ.

ಗಾಳಿಯಿಂದಲೇ ತಣ್ಣಗಾಗುವ ಬೈಕ್ ಇಂಜಿನ್ ಬೇರೆ. ಅಲ್ಲಿ ಹೊರಗಿನ ಬಿಸಿ ಜಾಸ್ತಿ ತಟ್ಟುತ್ತದೆ. ಆದರೆ ಕಂಪನಿ ಅದನ್ನೂ ಲೆಕ್ಕಕ್ಕೆ ಹಿಡಿದೇ ಬುಲೆಟ್ 350ಕ್ಕೆ 15ಡಬ್ಲ್ಯೂ-50 ಅಂತಲೋ, ಸ್ಪ್ಲೆಂಡರ್‌ಗೆ 10ಡಬ್ಲ್ಯೂ-30 ಅಂತಲೋ ಹೇಳಿರುತ್ತದೆ.

ಆಯಿಲ್ ಕರ್ರಗಾಗೇತಿ, ಅಂದ್ರ ಕೆಟ್ಟೈತಿ ಅಂತ ಅಲ್ಲೇನು?

ಅಲ್ಲ. ಕಪ್ಪಾಯಿತು ಅಂದರೆ ಮಸಿಯನ್ನು ಆಯಿಲ್ ತನ್ನೊಳಗೆ ಹಿಡಿದುಕೊಂಡಿದೆ, ಇಂಜಿನ್‌ಗೆ ಅಂಟಲು ಬಿಟ್ಟಿಲ್ಲ ಅಂತ ಅರ್ಥ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೆಲವೇ ನೂರು ಕಿಲೋಮೀಟರ್‌ಗೆ ಕಪ್ಪಾಗುತ್ತದೆ. ಸಿಎನ್‌ಜಿ ಗಾಡಿಯಲ್ಲಿ ಉಲ್ಟಾ, ಹೊಗೆಮಸಿ ಕಡಿಮೆ, ಆದ್ದರಿಂದ ಆಯಿಲ್ ತಿಂಗಳುಗಟ್ಟಲೆ ತಿಳಿಯಾಗೇ ಕಾಣುತ್ತದೆ, ಆದರೆ ಬಿಸಿಗೆ ಒಳಗೊಳಗೇ ಹಳತಾಗುತ್ತಿರುತ್ತದೆ. ಬಣ್ಣ ನೋಡಿ ಬದಲಿಸುವ ಆಟೋದವರು ಮೋಸ ಹೋಗುವುದು ಇಲ್ಲೇ. ಬಣ್ಣದಲ್ಲಿ ಹೆದರಬೇಕಾದದ್ದು ಒಂದೇ: ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆಸಿದ ಚಹಾದಂಥ ಬಣ್ಣ. ಅಂದರೆ ಆಯಿಲ್‌ಗೆ ನೀರು ಸೇರಿದೆ. ಗಾಡಿ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.

ಲೆವೆಲ್ ನೋಡೋದು ಹೆಂಗ? ಎಷ್ಟ ದಿನಕ್ಕೊಮ್ಮೆ?

ಸಮನಾದ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಐದು ನಿಮಿಷ ಬಿಡಿ. ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಪೂರ್ತಿ ಹಾಕಿ ತೆಗೆಯಿರಿ. ಎರಡು ಗುರುತಿನ ನಡುವೆ ಇರಬೇಕು. ಸ್ಪ್ಲೆಂಡರ್‌ನಂಥ ಬೈಕ್‌ನಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಡಿಪ್‌ಸ್ಟಿಕ್ಕನ್ನು ತಿರುವದೆ ಸುಮ್ನೆ ಒಳಗಿಟ್ಟು ನೋಡಬೇಕು. ತಿರುವಿ ನೋಡಿದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ತಿಂಗಳಿಗೆ ಎರಡು ಸಲ ಸಾಕು. ದೂರ ಹೋಗುವ ಮುಂಚೆ, ಅದರಲ್ಲೂ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಹತ್ತುವವರು, ತಪ್ಪದೆ ನೋಡಿ. ನಾನು ಕೌಂಟರ್‌ನಲ್ಲಿದ್ದಾಗ ಇಂಜಿನ್ ಸೀಜ್ ಆಗಿ ಬಂದ ಎಷ್ಟೋ ಗಾಡಿಗಳಲ್ಲಿ ಆಯಿಲ್ ಕಳಪೆ ಇರಲಿಲ್ಲ. ಆಯಿಲ್ಲೇ ಇರಲಿಲ್ಲ.

## ಡಬ್ಬಿ ಆರಿಸುವಾಗ

ಫುಲ್ ಸಿಂಥೆಟಿಕ್ ಹಾಕಿದ್ರ ಮೈಲೇಜ್ ಎಷ್ಟ ಜಾಸ್ತಿ ಬರತೈತಿ?

ಗ್ರೇಡ್ ಅದೇ ಇದ್ದರೆ ನಿಮ್ಮ ಕಣ್ಣಿಗೆ ಕಾಣುವಷ್ಟು ಬರುವುದಿಲ್ಲ. ದಪ್ಪ ಗ್ರೇಡ್‌ನಿಂದ ತೆಳು ಗ್ರೇಡ್‌ಗೆ ಬಂದರೆ ಶೇಕಡಾ 1–2 ಸಿಗಬಹುದು. ಲೀಟರ್‌ಗೆ 20 ಕಿ.ಮೀ. ಕೊಡುವ ಕಾರಿನಲ್ಲಿ ಇದು 200ರಿಂದ 400 ಮೀಟರ್. ಟೈರ್ ಗಾಳಿ ಸರಿ ಇಟ್ಟರೂ ಇಷ್ಟು ಸಿಗುತ್ತದೆ. ಸಿಂಥೆಟಿಕ್‌ಗೆ ದುಡ್ಡು ಕೊಡುವುದು ಬಿಸಿ ತಡೆಯಲಿಕ್ಕೆ, ತಣ್ಣಗಿದ್ದಾಗ ಬೇಗ ಹರಿಯಲಿಕ್ಕೆ, ಒಳಗೆ ಕೊಳೆ ಕಟ್ಟದಿರಲಿಕ್ಕೆ.

ಮನ್ಯಾಗ ಕಾರಿನ ಆಯಿಲ್ ಉಳದೈತಿ. ಬೈಕಿಗೆ ಹಾಕ್ಲೇನು?

ಹಾಕಬೇಡಿ. ಇದನ್ನು ಜೋರಾಗಿಯೇ ಹೇಳುತ್ತೇನೆ, ಯಾಕಂದರೆ ನಮ್ಮ ಮನೆಯಲ್ಲೇ ಆಗಿದೆ. ನನ್ನ ತಮ್ಮನ ಬೈಕಿಗೆ ಒಂದು ಗ್ಯಾರೇಜಿನಲ್ಲಿ ಉಳಿದಿದ್ದ ಕಾರಿನ 5ಡಬ್ಲ್ಯೂ-30 ಫುಲ್ ಸಿಂಥೆಟಿಕ್ ಹಾಕಿಕೊಟ್ಟರು, ಒಳ್ಳೇದು ಅಂತ ಹೇಳಿಯೇ ಹಾಕಿದರು. ಎರಡೇ ವಾರಕ್ಕೆ ನವಲೂರಿನ ಏರಿನಲ್ಲಿ ಆಕ್ಸಿಲರೇಟರ್ ತಿರುವಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏರುತ್ತಿಲ್ಲ. ಕ್ಲಚ್ ಸ್ಲಿಪ್. ಆಯಿಲ್ ಬದಲಿಸಿದರೂ ಸರಿಯಾಗಲಿಲ್ಲ, ಕ್ಲಚ್ ಪ್ಲೇಟ್‌ಗಳೂ ಹೋದವು.

ಕಾರಣ ಇಷ್ಟೇ. ಗೇರ್ ಇರುವ ಬೈಕ್‌ಗಳಲ್ಲಿ ಬಹುತೇಕ ಕ್ಲಚ್ ಇರುವುದು ಇಂಜಿನ್ ಆಯಿಲ್‌ನಲ್ಲೇ ಮುಳುಗಿ. ಕ್ಲಚ್‌ಗೆ ಹಿಡಿತ ಬೇಕು. ಕಾರಿನ ಆಯಿಲ್‌ಗೆ, ಅದರಲ್ಲೂ 'ರಿಸೋರ್ಸ್ ಕನ್ಸರ್ವಿಂಗ್' ಅಂತ ಬರೆದ ತೆಳು ಗ್ರೇಡ್‌ಗಳಿಗೆ, ಜಾರುವಿಕೆ ಹೆಚ್ಚಿಸುವ ಮದ್ದು ಬೆರೆಸಿರುತ್ತಾರೆ. ಬೈಕಿನ ಡಬ್ಬಿ ಮೇಲೆ ಜಪಾನಿನ ಜಾಸೋ ಗುರುತು ನೋಡಿ. ಗೇರ್ ಬೈಕಿಗೆ ಎಂಎ ಅಥವಾ ಎಂಎ2. ಗೇರ್ ಇಲ್ಲದ ಆಕ್ಟಿವಾದಂಥ ಸ್ಕೂಟರ್‌ಗೆ ಎಂಬಿ, ಅಲ್ಲಿ ಕ್ಲಚ್ ಒಣಗಿರುತ್ತದೆ, ಜಾರುವ ಆಯಿಲ್ ಇದ್ದರೂ ತೊಂದರೆ ಇಲ್ಲ. ಸ್ಕೂಟರ್‌ನ ಎಂಬಿ ಆಯಿಲನ್ನು ಗೇರ್ ಬೈಕಿಗೆ ಹಾಕಿದರೂ ಇದೇ ಕಥೆ ಆಗುತ್ತದೆ.

ಎಪಿಐ ಎಸ್‌ಎಲ್, ಎಸ್‌ಎನ್, ಎಸ್‌ಪಿ ಅಂತೆಲ್ಲಾ ಇರುತ್ತದೆ. ಯಾವುದು ತಗೊಳ್ಳೋದು?

ಎಪಿಐ ಅನ್ನೋದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ. ಎಸ್‌ನಿಂದ ಶುರುವಾದರೆ ಪೆಟ್ರೋಲ್ ಇಂಜಿನ್, ಸಿಯಿಂದ ಶುರುವಾದರೆ ಡೀಸೆಲ್. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಎಲ್ 2001ರದ್ದು, ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಎಸ್‌ಎನ್ ಕೇಳುವ ಕಾರಿಗೆ ಅದೇ ಗ್ರೇಡಿನ ಎಸ್‌ಪಿ ಹಾಕಬಹುದು, ಉಲ್ಟಾ ಮಾಡಬಾರದು. ಬೈಕಿಗೆ ಇದರ ಜೊತೆ ಜಾಸೋ ಗುರುತೂ ಇರಲೇಬೇಕು.

ನಂದು ಹಳೇ ಗಾಡಿ, 1 ಲಕ್ಷ 40 ಸಾವಿರ ಓಡೇತಿ. ಸಿಂಥೆಟಿಕ್ ಹಾಕಿದ್ರ ಸೋರತೈತಿ ಅಂತಾರಲ್ಲ?

ಒಳ್ಳೇ ಸೀಲ್‌ಗಳನ್ನು ಈಗಿನ ಸಿಂಥೆಟಿಕ್ ಹಾಳು ಮಾಡುವುದಿಲ್ಲ. ಆದರೆ ಸೀಲ್ ಆಗಲೇ ಒಣಗಿ ಬಿರುಕು ಬಿಟ್ಟು, ಕೊಳೆಯೇ ಅದನ್ನು ಮುಚ್ಚಿಕೊಂಡಿದ್ದರೆ, ಚೆನ್ನಾಗಿ ತೊಳೆಯುವ ಆಯಿಲ್ ಆ ಕೊಳೆ ತೆಗೆಯುತ್ತದೆ, ಸೋರುವುದು ಹೊರಗೆ ಕಾಣುತ್ತದೆ. ಗಾಡಿ ಸೋರುತ್ತಿಲ್ಲ, ನೀಲಿ ಹೊಗೆ ಇಲ್ಲ, ಆಯಿಲ್ ಕುಡಿಯುತ್ತಿಲ್ಲ ಅಂದರೆ ಧೈರ್ಯವಾಗಿ ಅದೇ ಗ್ರೇಡಿನ ಸಿಂಥೆಟಿಕ್ ಹಾಕಿ. ಸಾವಿರ ಕಿಲೋಮೀಟರ್‌ಗೆ ಅರ್ಧ ಲೀಟರ್ ಕುಡಿಯುವ ಇಂಜಿನ್‌ಗೆ ದುಬಾರಿ ಆಯಿಲ್ ಹಾಕಿ ಸುಡಬೇಡಿ. ಅಂಥದ್ದಕ್ಕೆ ಒಳ್ಳೇ ಸೆಮಿ ಸಿಂಥೆಟಿಕ್ (ಮಿನರಲ್, ಸಿಂಥೆಟಿಕ್ ಎರಡೂ ಬೆರೆಸಿದ್ದು) ಸಾಕು. ಉಳಿದ ದುಡ್ಡನ್ನು ರಿಂಗ್, ವಾಲ್ವ್ ಸೀಲ್ ಕೆಲಸಕ್ಕೆ ಕೂಡಿಡಿ.

ದಾರ್ಯಾಗ ಆಯಿಲ್ ಕಮ್ಮಿ ಆತು, ನಮ್ಮ ಕಂಪನಿದು ಸಿಗಲಿಲ್ಲ. ಬ್ಯಾರೆ ಕಂಪನಿದು ಕೂಡಿಸಿದ್ರ ಇಂಜಿನ್ ಹೋಗತೈತೇನು?

ಹೋಗುವುದಿಲ್ಲ. ಎಪಿಐ ದರ್ಜೆ ಪಡೆದ ಆಯಿಲ್‌ಗಳು ಒಂದಕ್ಕೊಂದು ಬೆರೆಯಲೇಬೇಕು ಅನ್ನೋದು ನಿಯಮದಲ್ಲೇ ಇದೆ. ಮಿನರಲ್, ಸಿಂಥೆಟಿಕ್ ಕೂಡ ಬೆರೆಯುತ್ತವೆ. ಕಮ್ಮಿ ಆಯಿಲ್‌ನಲ್ಲಿ ಓಡಿಸುವುದಕ್ಕಿಂತ ಬೇರೆ ಕಂಪನಿಯದ್ದು ಅರ್ಧ ಲೀಟರ್ ಹಾಕಿ ಓಡಿಸುವುದು ಎಷ್ಟೋ ಮೇಲು. ಬೆರೆತ ಮೇಲೆ ಸಿಂಥೆಟಿಕ್‌ನ ಪೂರ್ತಿ ಗುಣ ಉಳಿಯುವುದಿಲ್ಲ, ಮುಂದಿನ ಬದಲಿಯನ್ನು ಸ್ವಲ್ಪ ಬೇಗ ಮಾಡಿ, ಅಷ್ಟೇ.

ಡೂಪ್ಲಿಕೇಟ್ ಆಯಿಲ್ ಗುರುತಿಸೋದು ಹೆಂಗ?

ಎಣ್ಣೆ ನೋಡಿ ಗುರುತಿಸಲು ಆಗುವುದಿಲ್ಲ. ನನಗೂ ಆಗುವುದಿಲ್ಲ. ಡಬ್ಬಿಯನ್ನು ನೋಡಿ: ಮುಚ್ಚಳದ ಉಂಗುರ ಮೊದಲೇ ಬಿಟ್ಟಿರಬಾರದು, ಒಳಗಿನ ಹಾಳೆ ಅಂಟು ಸರಿಯಾಗಿ ಕೂತಿರಬೇಕು, ಬ್ಯಾಚ್ ನಂಬರ್ ಮತ್ತು ತಯಾರಿಸಿದ ತಿಂಗಳು ಉಜ್ಜಿದರೆ ಅಳಿಸಬಾರದು. ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ. ಬಿಲ್ ಕೇಳಿ. ಮಾರ್ಕೆಟ್ ದರಕ್ಕಿಂತ ತೀರಾ ಕಮ್ಮಿಗೆ ಕೊಡುತ್ತೇನೆ ಅಂದರೆ ತಗೊಳ್ಳಬೇಡಿ. ಗ್ಯಾರೇಜಿನಲ್ಲಿ ಹಾಕಿಸುವಾಗ ನಿಮ್ಮ ಕಣ್ಣೆದುರೇ ಸೀಲ್ ಒಡೆಯಲಿ. ಸೀಲ್ ಇರುವ ಡಬ್ಬಿ ನೆರಳಲ್ಲಿ ಇಟ್ಟಿದ್ದರೆ ನಾಲ್ಕೈದು ವರ್ಷ ಕೆಡುವುದಿಲ್ಲ, ಎರಡು ವರ್ಷ ಹಳೇ ತಾರೀಕು ಇದ್ದರೆ ಅನುಮಾನ ಬೇಡ.

## ಬದಲಿಸುವ ಲೆಕ್ಕ

ಪುಸ್ತಕದಾಗ 10 ಸಾವಿರ ಐತಿ, ಗ್ಯಾರೇಜಿನವ್ರು 5 ಸಾವಿರಕ್ಕ ಬದಲಿಸ್ರಿ ಅಂತಾರ. ಯಾರ ಮಾತು ಖರೆ?

ನೀವು ಗಾಡಿ ಹೇಗೆ ಓಡಿಸುತ್ತೀರಿ ಅನ್ನೋದರ ಮೇಲೆ ಇಬ್ಬರದ್ದೂ ಖರೆ ಆಗಬಹುದು. ಇಲ್ಲಿ ನಮ್ಮ ರೈತರ ಲೆಕ್ಕ ಕಾರಿನವರಿಗಿಂತ ಚೆನ್ನಾಗಿದೆ. ಟ್ರ್ಯಾಕ್ಟರ್ ಆಯಿಲನ್ನು ಯಾರೂ ಕಿಲೋಮೀಟರ್‌ನಲ್ಲಿ ಎಣಿಸುವುದಿಲ್ಲ, ತಾಸಿನಲ್ಲಿ ಎಣಿಸುತ್ತಾರೆ. ಹೊಲದಲ್ಲಿ ದಿನವಿಡೀ ದುಡಿದರೂ ಟ್ರ್ಯಾಕ್ಟರ್ ಓಡಿದ ದೂರ ಕಮ್ಮಿಯೇ ಅಲ್ವಾ? ಆದರೆ ಇಂಜಿನ್ ಅಷ್ಟೂ ತಾಸು ತಿರುಗಿರುತ್ತದೆ.

ಕಾರಿಗೂ ಇದೇ ಲೆಕ್ಕ ಹಾಕಿ. ಒಬ್ಬರು ಬೈಪಾಸ್ ಹಿಡಿದು ಬೆಳಗಾವಿ, ಹಾವೇರಿ ಅಂತ ಓಡಾಡುತ್ತಾರೆ, ಸರಾಸರಿ ವೇಗ ತಾಸಿಗೆ 50 ಕಿ.ಮೀ. ಅಂತಿಟ್ಟುಕೊಳ್ಳಿ. 10,000 ಕಿಲೋಮೀಟರ್‌ಗೆ ಇಂಜಿನ್ ತಿರುಗಿದ್ದು 200 ತಾಸು. ಇನ್ನೊಬ್ಬರು ಹಳೇ ಹುಬ್ಬಳ್ಳಿಯಿಂದ ದುರ್ಗದಬೈಲ್, ಅಲ್ಲಿಂದ ಚನ್ನಮ್ಮ ಸರ್ಕಲ್, ಹೊಸೂರು ಅಂತ ಊರೊಳಗೇ ಓಡಿಸುತ್ತಾರೆ, ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಲ್ಲುತ್ತಾರೆ, ಸರಾಸರಿ 20 ಕಿ.ಮೀ. ಅವರ 5,000 ಕಿಲೋಮೀಟರ್‌ಗೇ 250 ತಾಸು ಆಯಿತು. 10,000ದವರೆಗೆ ಬಿಟ್ಟರೆ 500 ತಾಸು. ಒಂದೇ ಕಾರು, ಒಂದೇ ಆಯಿಲ್, ಆದರೆ ಎರಡನೆಯವರದು ಎರಡೂವರೆ ಪಟ್ಟು ದುಡಿದಿದೆ. ಎಷ್ಟೋ ಕಾರುಗಳ ಮೀಟರ್‌ನಲ್ಲಿ ಸರಾಸರಿ ವೇಗ ತೋರಿಸುತ್ತದೆ. ಅದನ್ನು ನೋಡಿ ನಿಮ್ಮ ತಾಸು ನೀವೇ ತೆಗೆಯಬಹುದು.

ಪುಸ್ತಕದ ಕೊನೇ ಹಾಳೆಗಳಲ್ಲಿ 'ಕಠಿಣ ಬಳಕೆ' ಅಂತ ಇನ್ನೊಂದು ಪಟ್ಟಿ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಧೂಳಿನ ರಸ್ತೆ, ಪದೇ ಪದೇ ಚಿಕ್ಕ ಓಡಾಟ, ನಿಂತು ನಿಂತು ಹೋಗುವ ಟ್ರಾಫಿಕ್, ಭಾರ ಎಳೆಯೋದು ಇದ್ದರೆ ಬೇಗ ಬದಲಿಸಿ ಅಂತ ಕಂಪನಿಯೇ ಬರೆದಿರುತ್ತದೆ, ಸಾಮಾನ್ಯವಾಗಿ ಅರ್ಧದಷ್ಟಕ್ಕೆ. ನಾನು ಹೇಳೋದು ಹೀಗೆ: ಹೆದ್ದಾರಿ ಓಟವೇ ಜಾಸ್ತಿ ಇದ್ದರೆ ಪುಸ್ತಕದ 10,000 ಪೂರ್ತಿ ಓಡಿಸಿ. ಹುಬ್ಬಳ್ಳಿ-ಧಾರವಾಡ ನಡುವೆ ದಿನಾ ಹೋಗಿ ಬರುವವರಿಗೆ ಒಂದು ಕಡೆಗೆ ಸುಮಾರು 20 ಕಿ.ಮೀ., ಆಯಿಲ್ ಚೆನ್ನಾಗಿ ಬಿಸಿಯಾಗುತ್ತದೆ, ಅವರು 8,000ದ ಹತ್ತಿರ ಬದಲಿಸಿದರೆ ಸಾಕು. ಊರೊಳಗೇ ಸುತ್ತುವ ಗಾಡಿಗೆ 5,000ದಿಂದ 6,000. ಎಲ್ಲರಿಗೂ ಕಣ್ಣುಮುಚ್ಚಿ 5,000 ಅನ್ನೋದು ದುಡ್ಡು ಸುರಿಯುವ ಮಾತು.

ನನ್ನ ಕಾರು ವರ್ಷಕ್ಕ 2 ಸಾವಿರಾನೂ ಓಡಂಗಿಲ್ಲ. ಮೂರು ವರ್ಷ ಬಿಡಬಹುದಲ್ಲ?

ಬೇಡ. ಕಮ್ಮಿ ಓಡುವ ಗಾಡಿಯ ಆಯಿಲ್‌ಗೇ ಕಷ್ಟ ಜಾಸ್ತಿ. ಕೇಶ್ವಾಪುರದ ಮನೆಯಿಂದ ಮಕ್ಕಳ ಶಾಲೆಗೆ 2 ಕಿ.ಮೀ., ವಾಪಸ್ 2 ಕಿ.ಮೀ. ಅಷ್ಟರಲ್ಲಿ ರೇಡಿಯೇಟರ್ ನೀರು ಬಿಸಿಯಾಗುತ್ತದೆ, ಆಯಿಲ್ ಪೂರ್ತಿ ಬಿಸಿಯಾಗುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಹೋಗುತ್ತದೆ, ಸ್ವಲ್ಪ ಆವಿ ರಿಂಗ್ ಸಂದಿಯಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಜೊತೆಗೆ ಉರಿಯದ ಪೆಟ್ರೋಲೂ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಇವೆರಡೂ ಆರಿಹೋಗುತ್ತವೆ, ಕಾಯದಿದ್ದರೆ ಅಲ್ಲೇ ಉಳಿದು ಆಮ್ಲ ಆಗುತ್ತದೆ. ಧಾರವಾಡದ ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದರ ಕಾಣುವುದು ಇದರಿಂದಲೇ. ಬರೀ ಮುಚ್ಚಳದಲ್ಲಿ ಇದ್ದರೆ ಹೆದರಬೇಡಿ.

ವರ್ಷಕ್ಕೊಮ್ಮೆ ಬದಲಿಸಿ, ಸಿಂಥೆಟಿಕ್ ಆದರೂ ಸರಿ. ವಾರಕ್ಕೊಮ್ಮೆ ಅರ್ಧ ತಾಸು ಒಂದೇ ಓಟ ಓಡಿಸಿ, ನುಗ್ಗಿಕೇರಿ ಹಣಮಪ್ಪನ ಗುಡಿಗೆ ಹೋಗಿ ಬಂದರೂ ಆಯಿತು. ಮನೆ ಮುಂದೆ ಸುಮ್ನೆ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಉಪಯೋಗ ಇಲ್ಲ, ತೊಂದರೆಯೇ ಜಾಸ್ತಿ.

ನಮ್ಮದು ಎರಿ ಹೊಲದ ದಾರಿ, ಬರೇ ಧೂಳು. ಆಯಿಲ್ ಬೇಗ ಬದಲಿಸಿದ್ರ ಸಾಕೇನು?

ಮೊದಲು ಏರ್ ಫಿಲ್ಟರ್ ನೋಡಿ. ನರಗುಂದ, ರೋಣ, ನವಲಗುಂದದ ಕಡೆ ಬೇಸಿಗೆಯ ಎರೆಮಣ್ಣಿನ ಧೂಳು ಹಿಟ್ಟಿನ ಹಾಗೆ ನುಣ್ಣಗಿರುತ್ತದೆ. ಫಿಲ್ಟರ್ ಹರಿದಿದ್ದರೆ ಅಥವಾ ಸರಿಯಾಗಿ ಕೂತಿಲ್ಲದಿದ್ದರೆ ಅದು ನೇರ ಸಿಲಿಂಡರ್‌ಗೆ ಹೋಗಿ ರಿಂಗ್ ಉಜ್ಜುತ್ತದೆ, ಆಮೇಲೆ ಆಯಿಲ್‌ಗೆ ಇಳಿದು ಬೇರಿಂಗ್ ತಿನ್ನುತ್ತದೆ. ಎಂಥ ದುಬಾರಿ ಸಿಂಥೆಟಿಕ್ ಆದರೂ ಮರಳನ್ನು ಕರಗಿಸುವುದಿಲ್ಲ. ಗಾಳಿ ಹೊಡೆದು ಕಾಗದದ ಫಿಲ್ಟರ್ ಸ್ವಚ್ಛ ಮಾಡುವಾಗ ಕಮ್ಮಿ ಒತ್ತಡದಲ್ಲಿ, ಒಳಗಿನಿಂದ ಹೊರಗೆ ಹೊಡೆಯಿರಿ. ಎರಡು ಸಲ ಆದ ಮೇಲೆ ಹೊಸದು ಹಾಕಿ. ಆಮೇಲೆ ಆಯಿಲನ್ನು ಪುಸ್ತಕದ ಅರ್ಧ ಲೆಕ್ಕಕ್ಕೆ ಬದಲಿಸಿ.

ಟ್ರ್ಯಾಕ್ಟರ್‌ಗೂ ಸಿಂಥೆಟಿಕ್ ಹಾಕೂದು ಚಲೋ ಏನು?

ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಕಂಪನಿ ಹೇಳಿದ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ಡೀಸೆಲ್ ಆಯಿಲನ್ನು ತಾಸಿನ ಮೀಟರ್ ನೋಡಿ ಸರಿಯಾಗಿ ಬದಲಿಸಿ. ಬಹಳ ಮಾದರಿಗಳಲ್ಲಿ ಇದು 250 ತಾಸು, ನಿಮ್ಮದರ ಪುಸ್ತಕ ನೋಡಿಕೊಳ್ಳಿ. ಮೀಟರ್ ಕೆಟ್ಟಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಆಯಿಲ್ ತುಂಬುವ ಏರ್ ಕ್ಲೀನರ್ ಇದ್ದರೆ ಅದರ ಬಟ್ಟಲಿನ ಆಯಿಲ್ ಕೆಸರಾಗಿದೆಯಾ ಅಂತ ರೆಂಟೆ ಹೊಡೆಯುವ ದಿನಗಳಲ್ಲಿ ದಿನಾ ನೋಡಿ.

ಆಯಿಲ್ ಫಿಲ್ಟರ್ ಒಂದ ಸಲ ಬಿಟ್ಟ ಒಂದ ಸಲ ಬದಲಿಸಿದ್ರ ನಡೀತೈತಿಲ್ಲ?

ಕಾರಿನಲ್ಲಿ ಪ್ರತಿ ಸಲ ಬದಲಿಸಿ. ಹಳೇ ಫಿಲ್ಟರ್ ಒಳಗೆ ಹಳೇ ಆಯಿಲ್ ನಿಂತಿರುತ್ತದೆ, ಅದು ಹೊಸದಕ್ಕೆ ಸೇರುತ್ತದೆ. ಡ್ರೇನ್ ಬೋಲ್ಟಿನ ವಾಷರ್ ಕೂಡ ಹೊಸದು ಹಾಕಿಸಿ.

ಸಿಂಥೆಟಿಕ್ ಹಾಕಿದ್ರ 20 ಸಾವಿರ ಓಡಿಸಬಹುದು ಅಂತಾರ, ಹೌದೇನ್ರಿ?

ಡಬ್ಬಿ ಮೇಲಿನ ಮಾತು ನಂಬಿ ಪುಸ್ತಕದ ಲೆಕ್ಕ ದಾಟಬೇಡಿ. ಸ್ಕೋಡಾ, ಫೋಕ್ಸ್‌ವ್ಯಾಗನ್‌ನಂಥ ಕೆಲವು ಕಂಪನಿಗಳೇ ಇಲ್ಲಿ 15,000 ಕಿ.ಮೀ. ಅಥವಾ ಒಂದು ವರ್ಷ ಅಂತ ಕೊಟ್ಟಿವೆ. ಅದು ಆ ಇಂಜಿನ್‌ಗೆ, ಆ ನಿಗದಿ ಆಯಿಲ್‌ಗೆ ಮಾತ್ರ. ಸಿಂಥೆಟಿಕ್ ಮೂಲ ಎಣ್ಣೆ ಗಟ್ಟಿಮುಟ್ಟಾಗಿ ಉಳಿದರೂ ಅದರಲ್ಲಿ ಬೆರೆಸಿದ ಮದ್ದು ಖಾಲಿಯಾಗುತ್ತಾ ಹೋಗುತ್ತದೆ, ಮಸಿ ಮತ್ತು ಪೆಟ್ರೋಲ್ ಸೇರುವುದು ನಿಲ್ಲುವುದಿಲ್ಲ. ಸರಿಯಾದ ಹೊತ್ತಿಗೆ ಬದಲಿಸಿದ ಸಾಮಾನ್ಯ ಆಯಿಲ್, ಎರಡು ಪಟ್ಟು ಎಳೆದ ದುಬಾರಿ ಆಯಿಲ್‌ಗಿಂತ ಇಂಜಿನ್ ಚೆನ್ನಾಗಿ ಕಾಯುತ್ತದೆ. ವಾರಂಟಿ ಇದ್ದರೆ ಲೆಕ್ಕ ದಾಟಿದ ಮೇಲೆ ಅದೂ ತಕರಾರಿಗೆ ಬರುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಸಿಂಥೆಟಿಕ್ ಅಂತ ಬರೆದಿದ್ದೆಲ್ಲಾ ನಿಜವಾದ ಸಿಂಥೆಟಿಕ್ಕಾ?

ಮೂಲ ಎಣ್ಣೆಯಲ್ಲಿ ಐದು ಗುಂಪುಗಳಿವೆ. ಒಂದು ಮತ್ತು ಎರಡು ಮಿನರಲ್. ಮೂರನೆಯದೂ ಕಚ್ಚಾ ತೈಲದ್ದೇ, ಆದರೆ ಜೋರು ಬಿಸಿ, ಒತ್ತಡ, ಹೈಡ್ರೋಜನ್ ಕೊಟ್ಟು ಕಣಗಳನ್ನೇ ಒಡೆದು ಹೊಸದಾಗಿ ಜೋಡಿಸಿದ್ದು. ನಾಲ್ಕನೆಯದು ಪಿಎಓ, ಕಾರ್ಖಾನೆಯಲ್ಲಿ ಕಟ್ಟಿದ ಎಣ್ಣೆ. ಎಸ್ಟರ್ ಮುಂತಾದವು ಐದನೆಯದರಲ್ಲಿ. ಮೂರನೇ ಗುಂಪನ್ನು ಸಿಂಥೆಟಿಕ್ ಅನ್ನಬಹುದೇ ಅಂತ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ತಕರಾರಾಯಿತು. 1999ರಲ್ಲಿ ಅಲ್ಲಿನ ಜಾಹೀರಾತು ತೀರ್ಪುಗಾರರು ಅನ್ನಬಹುದು ಅಂದರು. ಅಲ್ಲಿಂದ ಹೆಚ್ಚಿನ ದೇಶಗಳಲ್ಲಿ ಹಾಗೇ ನಡೆದಿದೆ. ಜರ್ಮನಿ ಮಾತ್ರ ಬಿಗಿ.

ಇದರಿಂದ ತಲೆಬಿಸಿ ಮಾಡಿಕೊಳ್ಳಬೇಡಿ. ಮೂರನೇ ಗುಂಪಿನ ಒಳ್ಳೇ ಆಯಿಲ್ ನಮ್ಮ ದಿನಬಳಕೆಗೆ ಬೇಕಾದಷ್ಟಾಯಿತು. ಡಬ್ಬಿಯ ಮುಂದೆ ದೊಡ್ಡದಾಗಿ ಬರೆದ ಹೆಸರಿಗಿಂತ ಹಿಂದೆ ಚಿಕ್ಕದಾಗಿ ಬರೆದ ಎಪಿಐ, ಎಸಿಇಎ (ಯುರೋಪಿನ ಕಾರ್ ಕಂಪನಿಗಳ ಸಂಘ) ದರ್ಜೆ ಮತ್ತು ಕಾರ್ ಕಂಪನಿಯ ಒಪ್ಪಿಗೆ ಮುಖ್ಯ. ಆ ದರ್ಜೆ ಪರೀಕ್ಷೆ ಮಾಡಿ ಕೊಟ್ಟದ್ದು.

ಬಿಎಸ್6 ಡೀಸೆಲ್ ಕಾರು. ಆಯಿಲ್ ಕಮ್ಮಿ ಆಗೋ ಬದಲು ಡಿಪ್‌ಸ್ಟಿಕ್‌ನಲ್ಲಿ ಏರಿದೆ! ಹೇಗೆ?

2020ರ ಏಪ್ರಿಲ್ 1ರಿಂದ ಗಾಡಿ ಹೊಗೆಯ ಬಿಗಿ ನಿಯಮ ಬಿಎಸ್6 ಬಂತು, ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಬಂತು. ಮಸಿ ತುಂಬಿದಾಗ ಗಾಡಿ ತಾನಾಗಿಯೇ ಹೆಚ್ಚು ಡೀಸೆಲ್ ಚಿಮ್ಮಿಸಿ ಅದನ್ನು ಸುಡುತ್ತದೆ. ಇದಕ್ಕೆ ಸ್ವಲ್ಪ ಹೊತ್ತು ನಿಲ್ಲದೆ ಓಡಬೇಕು. ಊರೊಳಗೇ ಓಡಿಸಿ ನಡುವೆ ಆಫ್ ಮಾಡಿದರೆ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಆ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಆಯಿಲ್‌ಗೆ ಇಳಿಯುತ್ತದೆ. ಲೆವೆಲ್ ಏರುತ್ತದೆ, ಆಯಿಲ್ ತೆಳುವಾಗುತ್ತದೆ. ಮೇಲಿನ ಗುರುತು ದಾಟಿದ್ದರೆ ಕಿಲೋಮೀಟರ್ ನೋಡದೆ ಬದಲಿಸಿ. ಡಿಪಿಎಫ್ ದೀಪ ಹತ್ತಿದರೆ ಕಿತ್ತೂರಿನವರೆಗೆ ಒಂದೇ ವೇಗದಲ್ಲಿ ಓಡಿಸಿ ಬನ್ನಿ. ಈ ಗಾಡಿಗಳಿಗೆ ಬೂದಿ ಕಮ್ಮಿ ಬಿಡುವ ಆಯಿಲ್ ಬೇಕು, ಪುಸ್ತಕದಲ್ಲಿ ಎಸಿಇಎ ಸಿ2, ಸಿ3 ಅಂತ ಇರುತ್ತದೆ. ಮಸಿ ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ, ಡಿಪಿಎಫ್ ಕಟ್ಟಿಕೊಳ್ಳುತ್ತದೆ.

ಟರ್ಬೊ ಪೆಟ್ರೋಲ್ ಕಾರಿಗೆ ಎಸ್‌ಪಿ ದರ್ಜೆಯೇ ಬೇಕು ಅಂತಾರೆ, ಯಾಕೆ?

ಚಿಕ್ಕ ಟರ್ಬೊ ಇಂಜಿನ್ ಕಮ್ಮಿ ತಿರುಗುವಾಗ ಜೋರಾಗಿ ಒತ್ತಿದರೆ, ಕೆಲವೊಮ್ಮೆ ಸ್ಪಾರ್ಕ್ ಬರುವ ಮೊದಲೇ ಒಳಗೆ ಬೆಂಕಿ ಹತ್ತುತ್ತದೆ. ಆಯಿಲ್ ಮತ್ತು ಪೆಟ್ರೋಲ್ ಬೆರೆತ ಹನಿ ಇದಕ್ಕೆ ಒಂದು ಕಾರಣ, ಜೋರಾದರೆ ಪಿಸ್ಟನ್ ಒಡೆಯಬಹುದು. ಇದನ್ನು ತಡೆಯಲು ಮೊದಲು 2018ರ ಎಸ್‌ಎನ್ ಪ್ಲಸ್, ಆಮೇಲೆ ಎಸ್‌ಪಿ ಬಂತು, ಅದರಲ್ಲಿ ಕ್ಯಾಲ್ಸಿಯಂ ಮದ್ದನ್ನು ಕಮ್ಮಿ ಮಾಡಿ ಮೆಗ್ನೀಸಿಯಂ ಸೇರಿಸಿದರು. ಟರ್ಬೊ ಇದ್ದರೆ ಸಿಂಥೆಟಿಕ್‌ನಲ್ಲಿ ಜಿಪುಣತನ ಬೇಡ. ಟರ್ಬೊ ಬೇರಿಂಗ್‌ನ ಬಿಸಿಗೆ ಮಿನರಲ್ ಆಯಿಲ್ ಸುಟ್ಟು ಇದ್ದಿಲಾಗಿ ಕೂರುತ್ತದೆ. ಘಟ್ಟ ಹತ್ತಿ ನಿಲ್ಲಿಸಿದಾಗ ಒಂದು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ.

ಆಯಿಲ್ ಜೊತೆ ಮಾರೋ ಅಡಿಟಿವ್ ಶೀಶೆ, ಇಂಜಿನ್ ಫ್ಲಶ್ ಹಾಕಿಸಬೇಕಾ?

ಬೇಡ. ಆಯಿಲ್‌ನಲ್ಲಿ ಮದ್ದು ಲೆಕ್ಕ ಹಾಕಿ ಬೆರೆಸಿರುತ್ತಾರೆ, ಮೇಲಿಂದ ಸುರಿದರೆ ಆ ಲೆಕ್ಕ ತಪ್ಪುತ್ತದೆ, ಬೈಕಿನಲ್ಲಿ ಕ್ಲಚ್ಚೂ ಜಾರಬಹುದು. ಬಹಳ ವರ್ಷ ಆಯಿಲ್ ಬದಲಿಸದ ಇಂಜಿನ್‌ಗೆ ಫ್ಲಶ್ ಹಾಕಿದರೆ ಕೊಳೆ ಗಡ್ಡೆಗಟ್ಟಿ ಕಳಚಿ ಆಯಿಲ್ ಪಂಪಿನ ಜಾಲರಿ ಮುಚ್ಚುತ್ತದೆ. ಅಂಥ ಗಾಡಿಗೆ ಒಳ್ಳೇ ಆಯಿಲ್ ಹಾಕಿ, 2,000 ಕಿಲೋಮೀಟರ್‌ಗೆ ಫಿಲ್ಟರ್ ಸಮೇತ ಬದಲಿಸಿ, ಇನ್ನೊಮ್ಮೆ ಹಾಗೇ ಮಾಡಿ. ನಿಧಾನವಾಗಿ ತೊಳೆಯುತ್ತದೆ.

ತೆಗೆದ ಹಳೇ ಆಯಿಲ್ ಏನು ಮಾಡ್ಬೇಕ್ರಿ? ನಾವು ಬೇಲಿ ಕಂಬಕ್ಕ ಹಚ್ಚತೇವಿ, ಗೆದ್ದಲ ಹತ್ತಂಗಿಲ್ಲ.

ಹಚ್ಚಬೇಡಿ. ಮಳೆ ಬಂದಾಗ ಅದು ಹೊಲಕ್ಕೇ ಇಳಿಯುತ್ತದೆ. ಅದರಲ್ಲಿ ಇಂಜಿನ್‌ನ ಲೋಹದ ಪುಡಿ ಇರುತ್ತದೆ, ಸುಟ್ಟ ಎಣ್ಣೆಯ ವಿಷ ಇರುತ್ತದೆ, ಕೈಗೆ ಹತ್ತಿದರೂ ಒಳ್ಳೇದಲ್ಲ. 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಗಟಾರಕ್ಕೆ ಸುರಿದರೆ ಅದು ಮುಂದೆ ಯಾವುದೋ ಹಳ್ಳ, ಕೆರೆ ಸೇರುತ್ತದೆ. ಮನೆಯಲ್ಲೇ ಬದಲಿಸಿದರೆ ಅದೇ ಡಬ್ಬಿಗೆ ತುಂಬಿ, ನೀರು, ಪೆಟ್ರೋಲ್ ಬೆರೆಸದೆ, ಬ್ಯಾರೆಲ್‌ನಲ್ಲಿ ಹಳೇ ಆಯಿಲ್ ಕೂಡಿಡುವ ಸರ್ವಿಸ್ ಸ್ಟೇಷನ್‌ಗೆ ಕೊಡಿ. ಪರವಾನಗಿ ಇರುವವರು ಅಲ್ಲಿಂದ ಒಯ್ದು ಸೋಸಿ ಮತ್ತೆ ಮೂಲ ಎಣ್ಣೆ ಮಾಡುತ್ತಾರೆ.

ಖಾಲಿ ಡಬ್ಬಿಯನ್ನು ಗುಜರಿಗೆ ಹಾಗೇ ಹಾಕಬೇಡಿ. ಡೂಪ್ಲಿಕೇಟ್ ತುಂಬುವವರಿಗೆ ಬೇಕಾಗಿರುವುದು ಅದೇ ಅಸಲಿ ಡಬ್ಬಿ. ಲೇಬಲ್ ಕೀಳಿ, ತಳಕ್ಕೆ ಮೊಳೆ ಹೊಡೆದು ನಾಲ್ಕು ತೂತು ಮಾಡಿ, ಆಮೇಲೆ ಕೊಡಿ.